ಮೂಲ ಮೂರ್ತಿ ಒಳಗೆ, ಉತ್ಸವ ಮೂರ್ತಿ ಊರಿಗೆ: ಫ್ರಾನ್ಸಿನ ಲಾಸ್ಕೋ ಗುಹೆಯ ಕಥೆ

ಫ್ರಾನ್ಸ್ ಎಂದರೆ ನಮಗೆಲ್ಲ ಮೊದಲು ನೆನಪಾಗುವುದು ಪ್ಯಾರಿಸ್ಸು, ಐಫೆಲ್ ಗೋಪುರ. ನಮ್ಮ ಬಳಗದಲ್ಲಿ ಅದನ್ನು ನೋಡಿ ಬಂದವರು ಬಹಳ ಮಂದಿ ಇದ್ದಾರೆ. ಹಾಗಾಗಿ ನಾನು ಪ್ಯಾರಿಸ್ಸಿನ ಬಗ್ಗೆ ಬರೆಯುವುದಿಲ್ಲ. ಮೂರು ಸಾವಿರಕ್ಕೂ ಕಡಿಮೆ ಜನರಿರುವ ಒಂದು ಹಳ್ಳಿಯ ಬಗ್ಗೆ ಬರೆಯುತ್ತೇನೆ. ಅದರ ಹೆಸರು ಮೊಂತಿನ್ಯಾಕ್. ನೈಋತ್ಯ ಫ್ರಾನ್ಸಿನ ದೋರ್ದೋನ್ಯ ಪ್ರಾಂತ್ಯದಲ್ಲಿ, ವೆಜೇರ್ ಎಂಬ ನದಿಯ ದಂಡೆಯ ಮೇಲಿದೆ.

ಕಳೆದ ಸೆಪ್ಟೆಂಬರಿನಲ್ಲಿ ನಾವಿಬ್ಬರೂ ಟುಲೂಸ್ ನಗರದಲ್ಲಿರುವ ಮಗಳ ಮನೆಗೆ ಹೋಗಿದ್ದೆವು. ಒಂದು ದಿನ ಅವಳು, "ಅಮ್ಮಾ, ನಿನಗೆ ಇತಿಹಾಸ ಇಷ್ಟ ಅಲ್ವಾ, ಇಪ್ಪತ್ತು ಸಾವಿರ ವರ್ಷ ಹಳೆಯ ಚಿತ್ರ ತೋರಿಸ್ತೀನಿ ಬಾ" ಎಂದು ಕಾರಿನಲ್ಲಿ ಕೂರಿಸಿಕೊಂಡು ಹೊರಟಳು. ಲಾಸ್ಕೋ ಗುಹೆಯ ಹೆಸರನ್ನು ನಾನು ಶಾಲೆಯ ಪಾಠದಲ್ಲಿ ಓದಿದ್ದೆ. ಅದನ್ನು ಕಣ್ಣಾರೆ ನೋಡುತ್ತೇನೆ ಎಂಬ ಖುಷಿ. ಅರ್ಧ ದಾರಿ ಕಳೆದ ಮೇಲೆ ಅಳಿಯ ಮೆಲ್ಲಗೆ ಹೇಳಿದರು: "ಅತ್ತೆ, ಒಂದು ವಿಷಯ. ನಾವು ನೋಡೋದು ನಿಜವಾದ ಗುಹೆ ಅಲ್ಲ. ಅದರ ಪ್ರತಿಕೃತಿ. ಅಸಲಿ ಗುಹೆಗೆ ಬೀಗ ಹಾಕಿ ಅರವತ್ತು ವರ್ಷದ ಮೇಲಾಯ್ತು."

ನನಗೆ ಸುಳ್ಳು ಹೇಳಿ ಕರೆತಂದ ಹಾಗೆ ಅನ್ನಿಸಿತು. ಮುಂಬಯಿಯಿಂದ ಇಷ್ಟು ದೂರ ಬಂದು ನಕಲನ್ನು ನೋಡಬೇಕೆ? ದಾರಿಯುದ್ದಕ್ಕೂ ಮುಖ ಸಪ್ಪಗೆ ಮಾಡಿಕೊಂಡೇ ಕುಳಿತಿದ್ದೆ. ಆದರೆ ಮರಳಿ ಬರುವಾಗ ನನ್ನ ಮನಸ್ಸು ಬೇರೆಯೇ ಆಗಿತ್ತು. ಅದು ಹೇಗೆ ಎಂದು ಹೇಳಲು ಆ ಗುಹೆಯ ಕಥೆಯನ್ನು ಮೊದಲಿನಿಂದ ಹೇಳಬೇಕು.

ನಾಲ್ಕು ಹುಡುಗರು, ಒಂದು ಗುಳಿ

ಅದು 1940ರ ಸೆಪ್ಟೆಂಬರ್. ಎರಡನೇ ಮಹಾಯುದ್ಧದ ಕಾಲ. ಆ ವರ್ಷ ಜೂನ್ ತಿಂಗಳಲ್ಲಿ ಫ್ರಾನ್ಸ್ ಜರ್ಮನಿಗೆ ಶರಣಾಗಿತ್ತು. ದೇಶ ಎರಡು ಭಾಗವಾಗಿತ್ತು. ಮೊಂತಿನ್ಯಾಕ್ ಇದ್ದುದು ಜರ್ಮನ್ ಸೈನ್ಯ ಇನ್ನೂ ಕಾಲಿಡದ ದಕ್ಷಿಣ ಭಾಗದಲ್ಲಿ. ಹಾಗಾಗಿ ದೋರ್ದೋನ್ಯ ಪ್ರಾಂತ್ಯದ ಊರುಗಳಲ್ಲಿ ನಿರಾಶ್ರಿತರು ತುಂಬಿದ್ದರು. ಗಡಿಯ ಆಲ್ಸೇಸ್ ಪ್ರದೇಶದಿಂದ ಯುದ್ಧದ ಆರಂಭದಲ್ಲೇ ಸಾವಿರಾರು ಜನರನ್ನು ಸರ್ಕಾರ ಇತ್ತ ಕಳುಹಿಸಿತ್ತು. ಪ್ಯಾರಿಸ್ ಕಡೆಯಿಂದ ಯಹೂದಿ ಕುಟುಂಬಗಳೂ ಓಡಿ ಬಂದಿದ್ದವು.

ಊರಿನ ಮೇಲಿರುವ ಲಾಸ್ಕೋ ಬೆಟ್ಟದಲ್ಲಿ ಒಂದು ಗುಳಿ ಇತ್ತು. ಹಿಂದೊಮ್ಮೆ ಮರವೊಂದು ಬೇರುಸಹಿತ ಉರುಳಿದಾಗ ಆದದ್ದು. ಬೆಟ್ಟದಲ್ಲಿ ಹಳೆಯ ಬಂಗಲೆಗೆ ಹೋಗುವ ಸುರಂಗವಿದೆ, ಅದರಲ್ಲಿ ನಿಧಿ ಇದೆ ಎಂದು ಊರಲ್ಲಿ ಮಾತು. ನಮ್ಮ ಹಂಪಿಯ ಸುತ್ತಮುತ್ತ ಪ್ರತಿ ಊರಿನಲ್ಲೂ ನಿಧಿಯ ಕಥೆ ಇರುವ ಹಾಗೆ! ಸೆಪ್ಟೆಂಬರ್ 8ರಂದು ಮಾರ್ಸೆಲ್ ರವಿದಾ ಎಂಬ ಹುಡುಗ ಆ ಗುಳಿಯನ್ನು ಗಮನಿಸಿದ. ಗ್ಯಾರೇಜಿನಲ್ಲಿ ಕೆಲಸ ಕಲಿಯುತ್ತಿದ್ದವನು. ಜೊತೆಗೆ ಅವನ ನಾಯಿ, ಹೆಸರು ರೋಬೋ. ನಾಯಿ ಗುಳಿಯಲ್ಲಿ ಬಿದ್ದದ್ದರಿಂದಲೇ ಗುಹೆ ಸಿಕ್ಕಿತು ಎಂದು ಆಮೇಲೆ ಕಥೆ ಕಟ್ಟಿದರು. ನಿಜಕ್ಕೂ ಗುಹೆಯ ಒಳಗಿಳಿದದ್ದು ನಾಲ್ಕು ದಿನ ಕಳೆದು, ಸೆಪ್ಟೆಂಬರ್ 12ರಂದು, ನಾಯಿಯ ನೆರವಿಲ್ಲದೆ.

ಆ ದಿನ ರವಿದಾ ಒಂದು ಚಾಕು ಮತ್ತು ಗ್ರೀಸ್ ಪಂಪಿನಿಂದ ತಾನೇ ಮಾಡಿಕೊಂಡ ದೀಪ ಹಿಡಿದು ಬಂದ. ಜೊತೆಗೆ ಮೂವರು: ಜಾಕ್ ಮಾರ್ಸಾಲ್, ಜಾರ್ಜ್ ಆನ್ಯೆಲ್, ಸಿಮೋನ್ ಕೊಎನ್ಕಾಸ್. ಎಲ್ಲರೂ ಹದಿಮೂರರಿಂದ ಹದಿನೆಂಟರ ಒಳಗಿನವರು. ಗುಳಿಯ ಬಾಯಿ ಅಗೆದು ದೊಡ್ಡದು ಮಾಡಿ ರವಿದಾ ಮೊದಲು ಜಾರಿ ಇಳಿದ. ಉಳಿದವರು ಹಿಂಬಾಲಿಸಿದರು. ಒಳಗೆ ದೊಡ್ಡ ಕೋಣೆ, ಅದರಾಚೆ ಕಿರಿದಾದ ಓಣಿ. ಅಲ್ಲಿ ದೀಪ ಮೇಲೆತ್ತಿದಾಗ ಗೋಡೆಯ ಮೇಲೆ, ಸೂರಿನ ಮೇಲೆ ಕುದುರೆಗಳು, ಹಸುಗಳು, ಸಾರಂಗಗಳು! ಕೆಂಪು, ಹಳದಿ, ಕಪ್ಪು ಬಣ್ಣ.

ಮಾರನೆಯ ದಿನ ಹಗ್ಗ ತಂದರು. ರವಿದಾ ಒಂದು ಬಾವಿಯಂಥ ಆಳಕ್ಕೆ ಇಳಿದ. ಅಲ್ಲಿದ್ದುದು ಗಾಯಗೊಂಡ ಕಾಡೆಮ್ಮೆಯಂಥ ಬೈಸನ್, ಅದರ ಮುಂದೆ ಬೀಳುತ್ತಿರುವ ಮನುಷ್ಯ. ಮನುಷ್ಯನಿಗೆ ಹಕ್ಕಿಯ ತಲೆ. ಇಡೀ ಗುಹೆಯಲ್ಲಿ ಮನುಷ್ಯನ ಚಿತ್ರ ಇರುವುದು ಅದೊಂದೇ.

ಹುಡುಗರು ಶಾಲೆಯ ಹಳೆಯ ಮೇಷ್ಟ್ರು ಲೆಯೋನ್ ಲವಾಲ್ ಅವರಿಗೆ ಹೇಳಿದರು. ಮೇಷ್ಟ್ರು ಮೊದಲು ನಂಬಲಿಲ್ಲವಂತೆ. ಆಮೇಲೆ ಅವರೇ ಒಳಗಿಳಿದು ನೋಡಿದರು. ಸೆಪ್ಟೆಂಬರ್ 21ರಂದು ಪ್ರಾಗಿತಿಹಾಸದ ದೊಡ್ಡ ವಿದ್ವಾಂಸ, ಪಾದ್ರಿ ಆನ್ರಿ ಬ್ರಯ್ ಬಂದರು. ಅದೇ ವರ್ಷ ಡಿಸೆಂಬರಿನಲ್ಲಿ ಸರ್ಕಾರ ಗುಹೆಯನ್ನು ಐತಿಹಾಸಿಕ ಸ್ಮಾರಕ ಎಂದು ಘೋಷಿಸಿತು.

ನಾಲ್ವರಲ್ಲಿ ಅತಿ ಕಿರಿಯವನಾದ ಸಿಮೋನ್ ಯಹೂದಿ ಹುಡುಗ. ಅವನ ಕುಟುಂಬ ಕೆಲವೇ ದಿನಗಳಲ್ಲಿ ಪ್ಯಾರಿಸ್ಸಿಗೆ ಮರಳಿತು. 1942ರಲ್ಲಿ ಅವನ ತಂದೆ ತಾಯಿಯನ್ನು ಹಿಡಿದು ಔಶ್‌ವಿಟ್ಸ್ ಶಿಬಿರಕ್ಕೆ ಸಾಗಿಸಿದರು. ಅವರು ಮರಳಲಿಲ್ಲ. ಅವನನ್ನೂ ದ್ರಾನ್ಸಿ ಶಿಬಿರದಲ್ಲಿ ಕೂಡಿಹಾಕಿದ್ದರು, ಚಿಕ್ಕ ವಯಸ್ಸಿನ ಕಾರಣಕ್ಕೆ ಬಿಡುಗಡೆಯಾಗಿ ಉಳಿದುಕೊಂಡ. ನಾಲ್ವರಲ್ಲಿ ಕೊನೆಯವರೆಗೆ ಇದ್ದವರೂ ಅವರೇ. 2020ರಲ್ಲಿ ತೀರಿಕೊಂಡರು. ಗುಹೆಯ ಕಥೆ ಹೇಳುವಾಗ ನಾಯಿಯನ್ನು ಎಲ್ಲರೂ ನೆನೆಯುತ್ತಾರೆ. ಈ ಹುಡುಗನನ್ನೂ ನೆನೆಯಬೇಕು.

ನಮ್ಮ ಉಸಿರೇ ವಿಷವಾದ ಬಗೆ

ಯುದ್ಧ ಮುಗಿಯಿತು. 1948ರ ಜುಲೈನಲ್ಲಿ ಗುಹೆ ಸಾರ್ವಜನಿಕರಿಗೆ ತೆರೆಯಿತು. ಬಾಗಿಲು ಅಗಲ ಮಾಡಿದರು, ಮೆಟ್ಟಿಲು ಕಟ್ಟಿದರು, ನೆಲ ತಗ್ಗಿಸಿದರು, ವಿದ್ಯುತ್ ದೀಪ ಹಾಕಿದರು. ಗುಹೆ ಕಂಡುಹಿಡಿದ ರವಿದಾ ಮತ್ತು ಮಾರ್ಸಾಲ್ ಅವರೇ ಗೈಡ್ ಆದರು. ಜನ ಕಾರು, ಬಸ್ಸು ಮಾಡಿಕೊಂಡು ಬಂದರು. ಯುದ್ಧದಿಂದ ಬಡವಾಗಿದ್ದ ಊರಿಗೆ ಹೋಟೆಲು, ಅಂಗಡಿ, ಕೆಲಸ ಎಲ್ಲ ಬಂತು. 1955ರ ಹೊತ್ತಿಗೆ ದಿನಕ್ಕೆ 1,200 ಜನ ಒಳಹೋಗುತ್ತಿದ್ದರು.

ಆ ಚಿತ್ರಗಳು ಅಷ್ಟು ಸಾವಿರ ವರ್ಷ ಉಳಿದದ್ದು ಹೇಗೆ? ಗುಹೆಯ ಬಾಯಿ ಮಣ್ಣು ಕಲ್ಲು ಬಿದ್ದು ಮುಚ್ಚಿಹೋಗಿತ್ತು. ಒಳಗೆ ಗಾಳಿ ಅಲುಗಾಡುತ್ತಿರಲಿಲ್ಲ, ಬಿಸಿ ತಂಪು ಹೆಚ್ಚು ಕಡಿಮೆ ಆಗುತ್ತಿರಲಿಲ್ಲ, ಬೆಳಕು ಇರಲಿಲ್ಲ. ಉಪ್ಪಿನಕಾಯಿ ಜಾಡಿಯ ಬಾಯಿಗೆ ಬಟ್ಟೆ ಕಟ್ಟಿಟ್ಟ ಹಾಗೆ. ಜಾಡಿಗೆ ಒದ್ದೆ ಕೈ ಹಾಕಿದರೆ ಏನಾಗುತ್ತದೆ ಎಂದು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಲಾಸ್ಕೋದಲ್ಲಿ ಆದದ್ದೂ ಅದೇ.

ಮನುಷ್ಯ ಒಳಗೆ ಹೋದರೆ ಮೂರು ವಸ್ತು ಬಿಟ್ಟುಬರುತ್ತಾನೆ: ಮೈಯ ಬಿಸಿ, ಉಸಿರಿನ ತೇವ, ಉಸಿರಿನ ಇಂಗಾಲದ ಡೈಆಕ್ಸೈಡ್. ತೇವವೂ ಆ ಅನಿಲವೂ ಸೇರಿದರೆ ಸಣ್ಣ ಆಮ್ಲ ಆಗುತ್ತದೆ. ಅದು ಸುಣ್ಣದ ಕಲ್ಲಿನ ಗೋಡೆಯನ್ನು ಕರಗಿಸುತ್ತದೆ. ಕರಗಿದ ಸುಣ್ಣ ಮತ್ತೆ ಗಟ್ಟಿಯಾಗಿ ಚಿತ್ರದ ಮೇಲೆ ಬಿಳಿ ಪೊರೆಯಾಗಿ ಕೂರುತ್ತದೆ. ಕಣ್ಣಿಗೆ ಪೊರೆ ಬಂದ ಹಾಗೆ. ಅಲ್ಲಿಯವರು ಇದಕ್ಕೆ 'ಬಿಳಿ ಕಾಯಿಲೆ' ಎಂದರು. ಇನ್ನೊಂದು ಕಡೆ, ಜನರ ಕಾಲಿನ ಮಣ್ಣಿನ ಜೊತೆ ಬಂದ ಸೂಕ್ಷ್ಮ ಜೀವಿಗಳು ವಿದ್ಯುತ್ ದೀಪದ ಬೆಳಕಿನಲ್ಲಿ ಪಾಚಿಯಾಗಿ ಬೆಳೆದವು. ಅದು 'ಹಸಿರು ಕಾಯಿಲೆ'. ಗಾಳಿ ಶುದ್ಧ ಮಾಡಲು ಯಂತ್ರ ಕೂರಿಸಿದರು. ಕಾಯಿಲೆ ನಿಲ್ಲಲಿಲ್ಲ.

1963ರ ಏಪ್ರಿಲ್‌ನಲ್ಲಿ ಫ್ರಾನ್ಸಿನ ಸಂಸ್ಕೃತಿ ಸಚಿವ ಆಂದ್ರೆ ಮಾಲ್ರೋ ಗುಹೆಯನ್ನು ಮುಚ್ಚಿಸಿದರು. ತೆರೆದು ಪೂರ್ತಿ ಹದಿನೈದು ವರ್ಷವೂ ಆಗಿರಲಿಲ್ಲ. ಸುಮಾರು ಇಪ್ಪತ್ತು ಸಾವಿರ ವರ್ಷ ಕತ್ತಲಲ್ಲಿ ಕ್ಷೇಮವಾಗಿದ್ದದ್ದನ್ನು ಹದಿನೈದು ವರ್ಷದ ಪ್ರೀತಿ ರೋಗಿಷ್ಟ ಮಾಡಿತ್ತು. ಯಾರೂ ಗೋಡೆ ಕೆರೆದಿರಲಿಲ್ಲ, ಹೆಸರು ಗೀಚಿರಲಿಲ್ಲ. ಬಂದವರೆಲ್ಲ ಅಭಿಮಾನದಿಂದ ಬಂದು, ನಿಂತು, ಉಸಿರಾಡಿದ್ದರು. ಅಷ್ಟೇ.

ಊರಿನವರ ಪಾಡು ಯೋಚಿಸಿ. ಊರಿಗೆ ಅನ್ನ ಹಾಕುತ್ತಿದ್ದ ಬಾಗಿಲೇ ಮುಚ್ಚಿತು. ಗುಹೆ ಕಂಡುಹಿಡಿದ ರವಿದಾ ಗೈಡ್ ಕೆಲಸ ಹೋಗಿ ಮತ್ತೆ ಮೆಕ್ಯಾನಿಕ್ ಕೆಲಸಕ್ಕೆ ಮರಳಿದರು. ಮಾರ್ಸಾಲ್ ಮಾತ್ರ ಗುಹೆಯನ್ನು ನೋಡಿಕೊಳ್ಳುತ್ತ, 1989ರಲ್ಲಿ ಸಾಯುವವರೆಗೂ ಅದರ ಸೇವೆಯಲ್ಲಿಯೇ ಇದ್ದರು.

ಒಬ್ಬ ಹೆಂಗಸಿನ ಕುಂಚ

ಆಗ ಹುಟ್ಟಿದ್ದು ಪ್ರತಿಕೃತಿಯ ಯೋಚನೆ. ಅಸಲಿ ಗುಹೆಯಿಂದ 200 ಮೀಟರ್ ದೂರದಲ್ಲಿ, ಅದೇ ಬೆಟ್ಟದಲ್ಲಿ, ಅದೇ ಅಳತೆಯ ಇನ್ನೊಂದು ಗುಹೆ ಕಟ್ಟುವುದು. ಗೋಡೆಯ ಉಬ್ಬು ತಗ್ಗುಗಳನ್ನು ಫೋಟೋ ತೆಗೆದು ಅಳೆದರು. ಕಬ್ಬಿಣದ ಸರಳು, ಜಾಲರಿ ಬಗ್ಗಿಸಿ ಅದರ ಮೇಲೆ ಸಿಮೆಂಟು ಹಾಕಿದರು, ಹಡಗಿನ ಒಡಲು ಕಟ್ಟುವ ವಿಧಾನದಲ್ಲಿ. ಇದು 1970ರ ದಶಕದಲ್ಲಿ ಶುರುವಾಯಿತು. ನಡುವೆ ಹಣ ಸಾಲದೆ ನಿಂತಿತು. ಆಮೇಲೆ ದೋರ್ದೋನ್ಯ ಪ್ರಾಂತ್ಯದ ಆಡಳಿತವೇ ಕೈಗೆತ್ತಿಕೊಂಡು ಮುಗಿಸಿತು.

ಗೋಡೆ ಸಿದ್ಧವಾದರೆ ಸಾಲದು, ಚಿತ್ರ ಬರೆಯುವವರು ಬೇಕು. ಆ ಕೆಲಸವನ್ನು ಮುಂದೆ ನಿಂತು ಮಾಡಿದವರು ಮೊನೀಕ್ ಪೇತ್ರಾಲ್ ಎಂಬ ಕಲಾವಿದೆ. ಕೆಲವು ಸಹಾಯಕರನ್ನು ಇಟ್ಟುಕೊಂಡು ವರ್ಷಗಟ್ಟಲೆ ಆ ಸಿಮೆಂಟಿನ ಗುಹೆಯೊಳಗೆ ದುಡಿದರು. ಅಂಗಡಿಯ ಬಣ್ಣ ಬಳಸಲಿಲ್ಲ. ಮೂಲದವರು ಬಳಸಿದ ವಸ್ತುಗಳನ್ನೇ ಬಳಸಿದರು: ಕೆಂಪಿಗೂ ಹಳದಿಗೂ ಕಬ್ಬಿಣದ ಅಂಶವಿರುವ ಕಾವಿ ಮಣ್ಣು, ಕಪ್ಪಿಗೆ ಮ್ಯಾಂಗನೀಸ್. ಲಾಸ್ಕೋದ ಚಿತ್ರಗಳಲ್ಲಿ ಹಸಿರೂ ಇಲ್ಲ, ನೀಲಿಯೂ ಇಲ್ಲ. ಅಲ್ಲಿನ ಅತಿ ದೊಡ್ಡ ಗೂಳಿ ಐದು ಮೀಟರಿಗಿಂತ ಉದ್ದ. ಗೋಡೆಯ ಪಕ್ಕದಲ್ಲಿ ನಿಂತು ಬರೆಯುವವಳಿಗೆ ಅದರ ಒಂದು ಕಾಲು ಮಾತ್ರ ಕಾಣುತ್ತದೆ. ಆದರೂ ಗೆರೆ ತಪ್ಪಬಾರದು. ಜಾತ್ರೆಗೆ ಬೀದಿಯುದ್ದದ ರಂಗೋಲಿ ಹಾಕಿದವರಿಗೆ ಇದರ ಕಷ್ಟ ಗೊತ್ತು.

1983ರ ಜುಲೈನಲ್ಲಿ ಈ ಪ್ರತಿಕೃತಿ ಜನರಿಗೆ ತೆರೆಯಿತು. ಅದನ್ನು ಎರಡನೇ ಲಾಸ್ಕೋ ಎನ್ನುತ್ತಾರೆ. ಆಮೇಲೆ ಊರೂರು ಸುತ್ತುವ ಪ್ರದರ್ಶನವಾಗಿ ಮೂರನೆಯದು ಬಂತು. 2016ರ ಡಿಸೆಂಬರಿನಲ್ಲಿ ಬೆಟ್ಟದ ಬುಡದಲ್ಲಿ ನಾಲ್ಕನೆಯದು ತೆರೆಯಿತು. ಇದರಲ್ಲಿ ಹೆಚ್ಚು ಕಡಿಮೆ ಇಡೀ ಗುಹೆಯೇ ಇದೆ. ನಾವು ನೋಡಿದ್ದು ಇದನ್ನು.

ಬೆಟ್ಟದ ಬುಡದಲ್ಲೇ ಏಕೆ? ಮೇಲೆ ಕಾರು ಬಸ್ಸುಗಳ ಓಡಾಟ ಹೆಚ್ಚಿದರೆ ಅಸಲಿ ಗುಹೆಗೆ ಮತ್ತೆ ತೊಂದರೆ. ಗುಹೆ ಮುಚ್ಚಿದರೂ ಅದರ ಕಾಯಿಲೆ ಪೂರ್ತಿ ವಾಸಿಯಾಗಿಲ್ಲ. 2001ರಲ್ಲಿ ಒಳಗೆ ಬಿಳಿ ಬೂಷ್ಟು ಹಬ್ಬಿತು. ನೆಲಕ್ಕೆ ಸುಟ್ಟ ಸುಣ್ಣ ಹಾಸಿ ತಡೆಯಲು ನೋಡಿದರು. ಕೆಲವು ವರ್ಷಗಳಲ್ಲಿ ಕಪ್ಪು ಚುಕ್ಕೆಗಳು ಕಾಣಿಸಿಕೊಂಡವು. 2008ರ ಆರಂಭದಲ್ಲಿ ಮೂರು ತಿಂಗಳು ವಿಜ್ಞಾನಿಗಳಿಗೂ ಬಾಗಿಲು ಮುಚ್ಚಿದರು. ಈಗಲೂ ಅದನ್ನು ಪರೀಕ್ಷಿಸುವ ಕೆಲವೇ ಜನ, ಕೆಲವೇ ನಿಮಿಷ ಒಳಹೋಗುತ್ತಾರೆ. ಐಸಿಯುನಲ್ಲಿರುವ ಹಿರಿಯರನ್ನು ನೋಡಿಬಂದ ಹಾಗೆ.

ಒಳಗೆ ನಾನು ಕಂಡದ್ದು

ಪ್ರತಿಕೃತಿಯ ಒಳಗೆ ಹೋದಾಗ ಮೊದಲು ತಾಗಿದ್ದು ಚಳಿ. ಅಸಲಿ ಗುಹೆಯಲ್ಲಿರುವಂತೆ ಸುಮಾರು 13 ಡಿಗ್ರಿ ಇರಿಸುತ್ತಾರೆ. ನಮ್ಮ ಮನೆಯವರು ಸ್ವೆಟರ್ ಕಾರಿನಲ್ಲೇ ಬಿಟ್ಟು ಬಂದಿದ್ದರು, ನನ್ನ ಶಾಲು ಅವರ ಪಾಲಾಯಿತು. ಬೆಳಕು ಮಂದ. ಕಣ್ಣು ಹೊಂದಿಕೊಂಡ ಮೇಲೆ ತಲೆಯ ಮೇಲೆ ಗೂಳಿಗಳು ಓಡುತ್ತಿದ್ದವು. ನಾನು 'ನಕಲು' ಎಂಬ ಮಾತನ್ನು ಮರೆತೆ.

ಗೈಡ್ ಹೇಳಿದ ಕೆಲವು ಸಂಗತಿಗಳು ಮನಸ್ಸಿನಲ್ಲಿ ಉಳಿದವು. ಆ ಜನ ಹೆಚ್ಚಾಗಿ ತಿನ್ನುತ್ತಿದ್ದುದು ಹಿಮಸಾರಂಗದ ಮಾಂಸ. ಆದರೆ ಗೋಡೆಯ ಮೇಲೆ ಹಿಮಸಾರಂಗ ಒಂದೇ ಒಂದು. ಬರೆದದ್ದೆಲ್ಲ ಕುದುರೆ, ಕಾಡುಗೂಳಿ, ಸಾರಂಗ. ಅಂದರೆ ಇದು ಅಡುಗೆಮನೆಯ ಪಟ್ಟಿ ಅಲ್ಲ, ಮನಸ್ಸಿನೊಳಗಿನದು ಬೇರೆ ಏನೋ. ಕಲ್ಲಿನ ಬಟ್ಟಲಿನಲ್ಲಿ ಪ್ರಾಣಿಯ ಕೊಬ್ಬು ಉರಿಸಿ ಆ ಬೆಳಕಿನಲ್ಲಿ ಬರೆಯುತ್ತಿದ್ದರು. ಹಿಡಿ ಇರುವ ಅಂಥ ಒಂದು ಚೆಂದದ ಕಲ್ಲಿನ ದೀಪ ಗುಹೆಯ ಆಳದಲ್ಲಿ ಸಿಕ್ಕಿದೆ. ಎತ್ತರದ ಸೂರಿಗೆ ಕೈ ಎಟುಕಲು ಮರದ ಅಟ್ಟಣೆ ಕಟ್ಟುತ್ತಿದ್ದರು. ಅದಕ್ಕೆ ತೊಲೆ ಸಿಕ್ಕಿಸಿದ ಗುಳಿಗಳು ಗೋಡೆಯಲ್ಲಿ ಇವೆ.

ಈ ಚಿತ್ರಗಳು ಬೇಟೆ ಫಲಿಸಲೆಂದು ಮಾಡಿದ ಮಾಟ ಎಂದು ಬಹಳ ಕಾಲ ನಂಬಿದ್ದರು. ಅದನ್ನು ಬಲವಾಗಿ ಪ್ರಶ್ನಿಸಿದವರಲ್ಲಿ ಒಬ್ಬ ಮಹಿಳೆ ಮುಖ್ಯ: ಆನೆತ್ ಲಾಮಿಂಗ್-ಎಂಪೆರೇರ್. 1962ರಲ್ಲಿ ಪ್ರಕಟವಾದ ತಮ್ಮ ಸಂಶೋಧನೆಯಲ್ಲಿ ಅವರು, ಒಂದೊಂದೇ ಪ್ರಾಣಿಯನ್ನು ನೋಡಬೇಡಿ, ಯಾವುದರ ಪಕ್ಕ ಯಾವುದಿದೆ, ಗುಹೆಯ ಯಾವ ಭಾಗದಲ್ಲಿದೆ ಎಂದು ಒಟ್ಟಾಗಿ ನೋಡಿ ಎಂದರು. ಇಡೀ ಗುಹೆಯನ್ನು ಒಂದು ರಚನೆಯಾಗಿ ಓದುವ ದಾರಿ ಹಾಗೆ ತೆರೆಯಿತು. ಮುಂದೆ ಇವರೇ ಬ್ರೆಜಿಲಿನಲ್ಲಿ ಉತ್ಖನನ ನಡೆಸಿದರು. ಅಮೆರಿಕ ಖಂಡದ ಅತಿ ಹಳೆಯ ಮಾನವ ಅವಶೇಷಗಳಲ್ಲಿ ಒಂದಾದ 'ಲುಜಿಯಾ' ಎಂಬ ಹೆಂಗಸಿನ ತಲೆಬುರುಡೆ ಸಿಕ್ಕಿದ್ದು ಇವರ ತಂಡಕ್ಕೆ.

ಬರೆದವರು ಗಂಡಸರೋ ಹೆಂಗಸರೋ? ಲಾಸ್ಕೋದ ಬಗ್ಗೆ ಹೇಳಲು ಯಾರಿಗೂ ಆಧಾರವಿಲ್ಲ. ಆದರೆ ಫ್ರಾನ್ಸ್ ಮತ್ತು ಸ್ಪೇನ್‌ನ ಬೇರೆ ಗುಹೆಗಳಲ್ಲಿ ಗೋಡೆಗೆ ಅಂಗೈ ಒತ್ತಿ ಸುತ್ತ ಬಣ್ಣ ಊದಿದ ಗುರುತುಗಳಿವೆ. ಅಮೆರಿಕದ ಪ್ರಾಧ್ಯಾಪಕ ಡೀನ್ ಸ್ನೋ 2013ರಲ್ಲಿ ಅಂಥ 32 ಕೈಗಳ ಬೆರಳಿನ ಅಳತೆ ಲೆಕ್ಕ ಹಾಕಿ, ಅವುಗಳಲ್ಲಿ 24 ಹೆಂಗಸರದ್ದು ಎಂದು ತೀರ್ಮಾನಿಸಿದರು. ಈ ವಿಧಾನವನ್ನು ಒಪ್ಪದವರೂ ಇದ್ದಾರೆ. ಅದೇನೇ ಇರಲಿ, ಆ ಕಾಲದ ಚಿತ್ರ ಎಂದರೆ ಗಂಡಸಿನ ಕೆಲಸ ಎಂದು ಕಣ್ಣು ಮುಚ್ಚಿ ಹೇಳುವ ಕಾಲ ಮುಗಿಯಿತು.

ಊರ ಸುತ್ತಮುತ್ತ

ಗುಹೆಯೊಂದೇ ನೋಡಿ ಓಡಿಬರುವ ಊರಲ್ಲ ಇದು. ನಾವು ಮೂರು ದಿನ ಇದ್ದೆವು. ಬುಧವಾರ ಬೆಳಿಗ್ಗೆ ಮೊಂತಿನ್ಯಾಕಿನಲ್ಲಿ ಸಂತೆ. ನದಿಯ ಎರಡೂ ದಂಡೆಯಲ್ಲಿ ಊರು, ನಡುವೆ ಹಳೆಯ ಕಲ್ಲಿನ ಸೇತುವೆ. ಪೆರಿಗೋರ್ ಎಂಬ ಹೆಸರಿನ ಈ ನಾಡು ಅಕ್ರೋಟಿಗೆ ಪ್ರಸಿದ್ಧ. ನಾವು ಹೋದಾಗ ಅಕ್ರೋಟು ಮರದಿಂದ ಉದುರುವ ಸಮಯ. ಸಂತೆಯಲ್ಲಿ ಅಕ್ರೋಟಿನ ಎಣ್ಣೆ, ಅಕ್ರೋಟಿನ ಕೇಕು. ಊಟ ಮಾತ್ರ ಬಾತುಕೋಳಿ ಪ್ರಧಾನ. ಸಸ್ಯಾಹಾರಿಗಳು ಬ್ರೆಡ್ಡು, ಚೀಸು, ಹಣ್ಣು ನಂಬಿಕೊಳ್ಳಬೇಕು. ನಾನು ಮುಂಬಯಿಯಿಂದ ಒಯ್ದಿದ್ದ ಚಟ್ನಿಪುಡಿಗೆ ಅಲ್ಲಿನ ಅಕ್ರೋಟಿನ ಎಣ್ಣೆ ಕಲಸಿದೆ. ಹಾಗೆ ತಿಂದವಳು ನಾನೇ ಮೊದಲಿರಬೇಕು!

ವೆಜೇರ್ ನದಿಯಲ್ಲಿ ಬಾಡಿಗೆಗೆ ಕನೂ ದೋಣಿ ಸಿಗುತ್ತದೆ. ಮೊಂತಿನ್ಯಾಕಿನಲ್ಲಿ ಹತ್ತಿ, ಹೊಳೆಯ ಹರಿವಿನ ಜೊತೆ ಸೇಂ-ಲೆಯೋಂ ಎಂಬ ಹಳ್ಳಿಯಲ್ಲಿ ಇಳಿಯಬಹುದು. ಲೈಫ್ ಜಾಕೆಟ್ ಹಾಕಿಕೊಂಡು, ಅರವತ್ತೆರಡನೇ ವಯಸ್ಸಿನಲ್ಲಿ ನಾನೂ ಹುಟ್ಟು ಹಾಕಿದೆ. ನೀರು ಸೆಪ್ಟೆಂಬರಿನಲ್ಲಿ ಶಾಂತ. ಸೇಂ-ಲೆಯೋಂನಲ್ಲಿ ಹೊಳೆಯ ದಂಡೆಗೇ ಒಂದು ಹಳೆಯ ಕಲ್ಲಿನ ಚರ್ಚು. ಇನ್ನೂ ಕೆಳಗೆ ಹೋದರೆ ರೋಕ್ ಸೇಂಟ್ ಕ್ರಿಸ್ತೋಫ್ ಎಂಬ ಬಂಡೆಯ ಗೋಡೆ, ಸುಮಾರು ಒಂದು ಕಿಲೋಮೀಟರ್ ಉದ್ದ, 80 ಮೀಟರ್ ಎತ್ತರ. ಅದರ ಹೊಟ್ಟೆಯ ಅಂಕಣಗಳಲ್ಲಿ ಆದಿಮಾನವರಿಂದ ಮಧ್ಯಯುಗದವರೆಗೂ ಜನ ಬಾಳಿದ್ದರು.

ಅದೇ ಕಣಿವೆಯ ಲೆಜೇಜಿ ಎಂಬ ಊರಿನಲ್ಲಿ 1868ರಲ್ಲಿ ರೈಲು ಹಾದಿಯ ಕೆಲಸಕ್ಕೆ ಅಗೆಯುವಾಗ ಕೆಲವು ಅಸ್ಥಿಪಂಜರಗಳು ಸಿಕ್ಕವು. ನಮ್ಮ ಪಾಠಪುಸ್ತಕದ 'ಕ್ರೋ-ಮ್ಯಾಗ್ನನ್ ಮಾನವ' ಇವರೇ. ಅವರಲ್ಲಿ ಒಬ್ಬಳು ಹೆಂಗಸು. ಅಲ್ಲಿ ರಾಷ್ಟ್ರೀಯ ಪ್ರಾಗಿತಿಹಾಸ ಮ್ಯೂಸಿಯಂ ಇದೆ. ಹತ್ತಿರದ ಲೋಸೆಲ್ ಎಂಬಲ್ಲಿ 1911ರಲ್ಲಿ ಕಲ್ಲಿನಲ್ಲಿ ಕೊರೆದ ಒಬ್ಬ ತಾಯಿಯ ರೂಪ ಸಿಕ್ಕಿತು. ಒಂದು ಕೈಯಲ್ಲಿ 13 ಗೀರುಗಳಿರುವ ಕೊಂಬು, ಇನ್ನೊಂದು ಕೈ ಹೊಟ್ಟೆಯ ಮೇಲೆ, ಮೈಗೆ ಕಾವಿಯ ಕೆಂಪು. ಅದು ಈಗ ಬೋರ್ಡೋ ನಗರದ ಮ್ಯೂಸಿಯಂನಲ್ಲಿದೆ. ಆ 13 ಗೀರು ವರ್ಷದ ಚಂದ್ರನ ಲೆಕ್ಕವೋ, ಹೆಣ್ಣಿನ ತಿಂಗಳ ಲೆಕ್ಕವೋ ಎಂದು ಚರ್ಚೆ ನಡೆದೇ ಇದೆ.

ಅಸಲಿ ಚಿತ್ರಗಳನ್ನೇ ನೋಡಬೇಕೆಂಬ ಹಟ ಇದ್ದರೆ ಲೆಜೇಜಿಯ ಫೋಂ-ದ-ಗೋಮ್ ಗುಹೆ ಇದೆ. ಇದನ್ನು 1901ರಲ್ಲಿ ಬೆಳಕಿಗೆ ತಂದವರು ಊರಿನ ಶಾಲಾ ಮೇಷ್ಟ್ರು ದೆನಿ ಪೆರೋನಿ. ಇಲ್ಲಿ ದಿನಕ್ಕೆ ಕೆಲವೇ ಡಜನ್ ಜನರನ್ನು, ಸಣ್ಣ ಗುಂಪುಗಳಲ್ಲಿ ಬಿಡುತ್ತಾರೆ. ಬಹಳ ಮೊದಲೇ ಟಿಕೆಟ್ ತೆಗೆಯಬೇಕು. ರುಫಿನ್ಯಾಕ್ ಗುಹೆಯಲ್ಲಿ ಪುಟ್ಟ ವಿದ್ಯುತ್ ರೈಲಿನಲ್ಲಿ ಕೂರಿಸಿಕೊಂಡು ಹೋಗಿ ಮ್ಯಾಮತ್ ಆನೆಗಳ ಚಿತ್ರ ತೋರಿಸುತ್ತಾರೆ. ಮಂಡಿ ನೋವಿನವರಿಗೆ ಅನುಕೂಲ. ಲಾಸ್ಕೋ ಸೇರಿ ಈ ಕಣಿವೆಯ ತಾಣಗಳನ್ನು 1979ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ವರ್ಸೇಲ್ಸ್ ಅರಮನೆ ಸೇರಿದ ವರ್ಷವೂ ಅದೇ.

ನನ್ನ ಅಂಗೈ

ಮೂರನೇ ದಿನ ಸಂಜೆ ನಾವು ಲಾಸ್ಕೋ ಬೆಟ್ಟದ ಕಾಡಿನ ಕಡೆ ನಡೆದೆವು. ಓಕ್ ಮರಗಳ ನಡುವೆ ಎಲ್ಲೋ ಕಾಲ ಕೆಳಗೆ ಆ ಗುಹೆ ಇದೆ. ಬಾಗಿಲು ಕಾಣುವುದಿಲ್ಲ. ಮಗಳು ಕೇಳಿದಳು, "ಅಮ್ಮಾ, ಇನ್ನೂ ಬೇಜಾರಾ?"

ನನಗೆ ಆಗ ನೆನಪಾದದ್ದು ನಮ್ಮೂರಿನ ದೇವಸ್ಥಾನ. ಮೂಲ ಮೂರ್ತಿ ಗರ್ಭಗುಡಿಯ ಕತ್ತಲಲ್ಲೇ ಇರುತ್ತದೆ. ಅದನ್ನು ಎಲ್ಲರೂ ಮುಟ್ಟುವ ಹಾಗಿಲ್ಲ, ಬೀದಿಗೆ ತರುವ ಹಾಗಿಲ್ಲ. ತೇರಿನ ದಿನ ಬೀದಿಗೆ ಬರುವುದು ಉತ್ಸವ ಮೂರ್ತಿ. ಅದರ ಮುಂದೆ ಕೈ ಮುಗಿಯುವಾಗ ಯಾರಾದರೂ "ಇದು ನಕಲು" ಅಂದದ್ದುಂಟೆ? ಊರಿಗೆಲ್ಲ ದರ್ಶನ ಸಿಗಲಿ, ಮೂಲವೂ ಉಳಿಯಲಿ ಎಂದು ನಮ್ಮ ಹಿರಿಯರು ಮಾಡಿಕೊಂಡ ಏರ್ಪಾಡು ಅದು. ಮೊಂತಿನ್ಯಾಕಿನವರು ಮಾಡಿಕೊಂಡದ್ದೂ ಅದನ್ನೇ. ಮೊನೀಕ್ ಪೇತ್ರಾಲ್ ಬರೆದದ್ದು ಉತ್ಸವ ಮೂರ್ತಿ.

ಇನ್ನೊಂದು ನೆನಪೂ ಬಂತು, ಅದು ಅಷ್ಟು ಹಿತವಾದದ್ದಲ್ಲ. ಕಾಲೇಜಿನ ದಿನಗಳಲ್ಲಿ ನಾವು ಅಜಂತಾಕ್ಕೆ ಪ್ರವಾಸ ಹೋಗಿದ್ದೆವು. ಹೊರಗೆ ನಿಂತವರು ಕನ್ನಡಿಯಿಂದ ಬಿಸಿಲನ್ನು ಒಳಗೆ ಹಾಯಿಸುತ್ತಿದ್ದರು. ಆ ಬೆಳಕಿನಲ್ಲಿ ಗೋಡೆಯ ಮೇಲಿನ ಒಬ್ಬ ರಾಣಿಯ ಮುಖ ಎಷ್ಟು ಚೆನ್ನಾಗಿತ್ತೆಂದರೆ, ನಾನು ಕೈ ಚಾಚಿ ಅವಳ ಬಳೆಯ ಮೇಲೆ ಅಂಗೈ ಇಟ್ಟುಬಿಟ್ಟೆ. ಯಾರೂ ಬೈಯಲಿಲ್ಲ. ನಮ್ಮ ಗುಂಪಿನ ನಾಲ್ಕಾರು ಹುಡುಗಿಯರೂ ಹಾಗೇ ಮಾಡಿದರು. ಅದು ಪ್ರೀತಿಯೇ, ಲಾಸ್ಕೋಗೆ ಬಂದವರ ಉಸಿರಿನ ಹಾಗೆ. ಈಗ ಎಣಿಸಿದರೆ, ನಮ್ಮ ಹಾಗೆ ಎಷ್ಟು ಸಾವಿರ ಅಂಗೈ ಆ ಬಳೆಯ ಮೇಲೆ ಬಿದ್ದಿರಬಹುದು!

ಅಜಂತಾದ ಪ್ರತಿಗಳ ಕಥೆಯೂ ಇದೇ ಜಾಡಿನದು. 1840ರ ದಶಕದಿಂದ ರಾಬರ್ಟ್ ಗಿಲ್ ವರ್ಷಗಟ್ಟಲೆ ನಕಲು ಮಾಡಿದರು. ಹೆಚ್ಚಿನವು 1866ರಲ್ಲಿ ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸ್ ಬೆಂಕಿಯಲ್ಲಿ ಸುಟ್ಟುಹೋದವು. ಆಮೇಲೆ ನಮ್ಮ ಮುಂಬಯಿಯ ಜೆ. ಜೆ. ಕಲಾಶಾಲೆಯ ಗ್ರಿಫಿತ್ಸ್ ತಮ್ಮ ವಿದ್ಯಾರ್ಥಿಗಳೊಂದಿಗೆ ಮತ್ತೆ ಮಾಡಿದರು. ಅವುಗಳಲ್ಲೂ ಹಲವು 1885ರಲ್ಲಿ ಲಂಡನ್ನಿನಲ್ಲೇ ಬೆಂಕಿಗೆ ಹೋದವು. ಮೂರನೇ ಸಲ, 1909ರಿಂದ 1911ರವರೆಗೆ, ಬಂದವರು ಕ್ರಿಸ್ಟಿಯಾನಾ ಹೆರಿಂಗ್‌ಹ್ಯಾಮ್ ಎಂಬ ಮಹಿಳೆ. ನಂದಲಾಲ್ ಬೋಸ್ ಅವರಂಥ ತರುಣ ಕಲಾವಿದರು ಅವರಿಗೆ ನೆರವಾದರು. ಮೂಲದ ಗೋಡೆ ಮಾಸುತ್ತ ಹೋದ ಹಾಗೆ ಪ್ರತಿಗಳ ಬೆಲೆ ಹೆಚ್ಚುತ್ತ ಹೋಗುತ್ತದೆ. ಅಸಲಿಯ ಸೇವೆಗೇ ಹುಟ್ಟಿದ್ದನ್ನು ನಕಲು ಎಂದು ತಾತ್ಸಾರ ಮಾಡಿದ್ದು ನನ್ನ ತಪ್ಪು.

"ಇಲ್ಲ ಪುಟ್ಟಿ, ಬೇಜಾರಿಲ್ಲ" ಎಂದೆ. ಕಾಲ ಕೆಳಗೆ ಆ ಗೂಳಿಗಳು ಕತ್ತಲಲ್ಲಿ ತಮ್ಮ ಪಾಡಿಗೆ ಇರಲಿ ಅನ್ನಿಸಿತು. ನಾನು ನೋಡದಿದ್ದರೆ ಅವಕ್ಕೇನು ನಷ್ಟ? ನನ್ನ ಮೊಮ್ಮಗಳ ಮೊಮ್ಮಗಳ ಕಾಲಕ್ಕೂ ಅವು ಇರಬೇಕು. ಅಷ್ಟೇ.

ನಮ್ಮ ಮಹಿಳಾ ವೇದಿಕೆಯಿಂದ ಮುಂದಿನ ಸಲ ಅಜಂತಾಕ್ಕೋ ಬಾದಾಮಿಗೋ ಪ್ರವಾಸ ಹಾಕಿದರೆ ನನ್ನದೊಂದು ಕೋರಿಕೆ. ಬಸ್ಸಿನಲ್ಲಿದ್ದ ಎಲ್ಲರೂ ಒಟ್ಟಿಗೆ ನುಗ್ಗುವುದು ಬೇಡ, ಹತ್ತು ಹತ್ತು ಜನರ ಗುಂಪು ಮಾಡೋಣ. ಫ್ಲ್ಯಾಶ್ ಬೇಡ. ಒಳಗಿದ್ದಷ್ಟು ಹೊತ್ತು ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಳ್ಳೋಣ. ಮೊದಲು ಕೈ ಕಟ್ಟಿಕೊಳ್ಳುವವಳು ನಾನು.